ಮೂರು ಸೀಮೆಗೊಬ್ಬ ಒಡೆಯ

ಎಲ್ಲಕ್ಕೂ ಮೂಲ ಗೆದ್ದಲು. ಅದು ಆಳನ್ನು ತಿಂದಿತು, ಒಡೆಯನನ್ನು ಮುಟ್ಟಲಿಲ್ಲ.

ಆಳು ಅಂದರೆ ಮರದ ಆಳು. ಊರ ಹೊರಗೆ, ಉತ್ತು ಬಿಟ್ಟ ಹೊಲಗಳ ನಡುವೆ ಒಂಟಿಯಾಗಿ ನಿಂತಿದ್ದ ಹಳೆಯ ದೊಡ್ಡಮನೆಯನ್ನು ವಸ್ತುಸಂಗ್ರಹಾಲಯ ಮಾಡಿ ಬಹಳ ಕಾಲವಾಗಿತ್ತು. ಅದರ ನಡುಕೋಣೆಯಲ್ಲಿ ಎತ್ತರದ ಕುರ್ಚಿಯ ಮೇಲೆ ಮರದ ಒಡೆಯನೊಬ್ಬ ಕೂತಿದ್ದ. ಅವನೆದುರು ಮರದ ಆಳೊಬ್ಬ ಮಂಡಿಯೂರಿದ್ದ. ಒಡೆಯ ಎರಡೂ ಅಂಗೈಗಳನ್ನು ಮುಂದೆ ಚಾಚಿ ನಡುವೆ ಒಂದಿಷ್ಟು ಜಾಗ ಬಿಟ್ಟಿದ್ದ. ಆಳು ತನ್ನ ಜೋಡಿಸಿದ ಕೈಗಳನ್ನು ಆ ಜಾಗಕ್ಕೆ ಒಪ್ಪಿಸಿಬಿಟ್ಟಿದ್ದ. ಹಿಂದಿನ ಸಂಜೆ ಕಾವಲಿನಣ್ಣ ಬೀಗ ಹಾಕುವ ಮುಂಚೆ ಬೂಟಿನ ದಾರ ಬಿಗಿಯಲು ಆಳಿನ ಬೆನ್ನ ಮೇಲೆ ಕಾಲಿಟ್ಟದ್ದೇ ನೆಪ, ಆಳು ಹಳೆಯ ಜೇನುಗೂಡಿನ ಹಾಗೆ ಪುಡಿಪುಡಿಯಾಗಿ ನೆಲಕ್ಕಿಳಿದ.

ಮೇಷ್ಟ್ರಿಗೆ ಇದು ತಿಳಿದದ್ದು ಮರುದಿನ ಬೆಳಿಗ್ಗೆ, ಹೆಗಲಿಗೆ ಚೀಲ, ತೋಳಿನ ಮೇಲೆ ಶಾಲು ಹಾಕಿಕೊಂಡು ಬಾಗಿಲಿಗೆ ಬಂದಾಗ. ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಬಂದವರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು, ಇದು ಇಂಥದ್ದು, ಅದು ಅಂಥದ್ದು ಎಂದು ವಿವರಿಸುವುದು ಅವರ ಕೆಲಸ. ಕೇಳುವವರು ಇರಲಿ ಬಿಡಲಿ ಹೇಳುತ್ತಲೇ ಇರುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

"ಬಂದ್ರಾ ಮೇಷ್ಟ್ರೆ? ನಿಮ್ಮ ಆಳು ಹೋಗ್ಬಿಟ್ಟ" ಎಂದ ಕಾವಲಿನಣ್ಣ, ಸಾವಿನ ಮನೆಯ ದನಿಯಲ್ಲಿ.

"ಎಲ್ಲಿಗೆ ಹೋದ?"

"ಮೊರದಲ್ಲಿದ್ದಾನೆ. ಗುಡಿಸೋ ಅಕ್ಕ ಎತ್ತಿ ಹಾಕ್ತಾ ಇದ್ದಾಳೆ."

ಬೇರೆ ದಿನವಾಗಿದ್ದರೆ ಮೇಷ್ಟ್ರು ಹೌಹಾರುತ್ತಿದ್ದರು. ಆದರೆ ಅಂದು ಅವರಿಗೆ ಅಲ್ಲಿಯ ಕೊನೆಯ ದಿನ. ಹೆಂಡತಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ದಾದಿಯ ಕೆಲಸ. ಮಗಳು ಅವಳ ಜೊತೆಗಿದ್ದಳು. ಮೇಷ್ಟ್ರು ಆ ಊರಿಗೆ ವರ್ಗ ಕೇಳಿ ಅರ್ಜಿ ಹಾಕುತ್ತಾ ಹಾಕುತ್ತಾ ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲೂ ಬಂದಿತ್ತು. ಕೊನೆಗೂ ಅಪ್ಪಣೆಯಾಗಿತ್ತು. ಸಾಹೇಬರು ಬಿಡುಗಡೆ ಪತ್ರಕ್ಕೆ ಒಂದು ಸಹಿ ಗೀಚಿದರೆ ಸಂಜೆಯ ಬಸ್ಸು ಹತ್ತುವುದಷ್ಟೇ ಬಾಕಿ. ಕಿಟಕಿ ಪಕ್ಕದ ಸೀಟನ್ನು ಮುಂಗಡವಾಗಿ ಕಾದಿರಿಸಿದ್ದರು. ಟಿಕೆಟ್ಟು ಚೀಲದ ಹೊರಜೇಬಿನಲ್ಲಿತ್ತು. ದಾರಿಯುದ್ದಕ್ಕೂ ಅದನ್ನು ತಡವಿ ತಡವಿ ಜೇಬಿನ ಬಟ್ಟೆಯೇ ಸವೆದಿತ್ತು.

ಟಿಕೆಟ್ ಕೊಡುವ ಮೇಜಿನ ಮೇಲೆ ಫೋನನ್ನು ಚಾರ್ಜಿಗೆ ಹಾಕುತ್ತಿದ್ದಂತೆ ಹೆಂಡತಿಯ ಕರೆ ಬಂತು.

"ಸಹಿ ಆಯ್ತಾ?"

"ಈಗ ಬಂದೆ ಮಾರಾಯ್ತಿ. ಸಾಹೇಬ್ರು ಇನ್ನೂ ಕೋಟು ಬಿಚ್ಚಿಲ್ಲ."

"ಈ ಸಲಾನೂ ಏನಾದ್ರೂ ಸಬೂಬು ಹೇಳಿದ್ರೆ ನೋಡಿ. ನಿಮ್ಮ ಮಗಳು ಅಲ್ಲಿಗೇ ಬಂದು, ಟಿಕೆಟ್ ತಗೊಂಡು ನಿಮ್ಮನ್ನ ನೋಡ್ಬೇಕಾಗುತ್ತೆ. ಮುಟ್ಟಬೇಡಿ ಅಂತ ಒಂದು ಬೋರ್ಡ್ ಹಾಕ್ಕೊಂಡು ಕೂತಿರಿ."

"ಬಂದೇ ಬರ್ತೀನಿ" ಎಂದರು ಮೇಷ್ಟ್ರು. ಹಾಗೆ ಅವರು ಹಿಂದೆಯೂ ಹಲವು ಸಲ ಹೇಳಿದ್ದರು.

ಸಾಹೇಬರು ವಸ್ತುಸಂಗ್ರಹಾಲಯದ ಮೇಲ್ವಿಚಾರಕರು. ಗೋಡೆಯಲ್ಲಿ ಬಿರುಕು ಬಿಟ್ಟರೆ ಅದರ ಮೇಲೆ ನಕ್ಷೆ ತೂಗುಹಾಕುವ ಜಾತಿಯ ಮನುಷ್ಯ. ಮೇಷ್ಟ್ರನ್ನು ನೋಡಿದ್ದೇ ತಡ, ಮುಖ ಬೆಳಗಿಸಿಕೊಂಡರು.

"ಬನ್ನಿ ಬನ್ನಿ. ಮಧ್ಯಾಹ್ನ ಕಾರ್ಯದರ್ಶಿ ಮೇಡಂ ಬರ್ತಾ ಇದ್ದಾರೆ, ನಡುಕೋಣೆಯ ಹೊಸ ಪ್ರದರ್ಶನ ನೋಡೋಕೆ. ನಾನಾ ಸೀಮೆಗಳ ಊಳಿಗಮಾನ್ಯ ಪದ್ಧತಿ, ಒಂದು ಹೋಲಿಕೆ. ಅದನ್ನ ಮುಗಿಸಿಕೊಟ್ಟುಬಿಡಿ. ಅವರ ಕಾರು ಆಚೆ ಹೋಯ್ತು, ನನ್ನ ಸಹಿ ಬಿತ್ತು."

"ಸರ್, ಯೂರೋಪಿನ ಒಡೆಯ, ಜಪಾನಿನ ಒಡೆಯ, ತುರ್ಕಿಯ ಒಡೆಯ, ಮೂರು ಬೊಂಬೆ ತರಿಸ್ತೀವಿ ಅಂದಿದ್ರಿ..."

"ಮೂರು ಯಾಕ್ರಿ? ನಮ್ಮವನೊಬ್ಬ ಕೂತಿದ್ದಾನಲ್ಲ! ಮುಚ್ಚಿಹೋದ ನಾಟಕ ಕಂಪನಿಯಿಂದ ಒಂದು ಪೆಟ್ಟಿಗೆ ವೇಷ ತರಿಸಿದ್ದೀನಿ. ಮೊದಲು ಯೂರೋಪಿನವನನ್ನ ತೋರಿಸಿ. ಆಮೇಲೆ ನಾನು ಮೇಡಂನ ಪಕ್ಕದ ಕೋಣೆಗೆ ನಾಣ್ಯ ನೋಡೋಕೆ ಕರ್ಕೊಂಡು ಹೋಗ್ತೀನಿ. ಅಷ್ಟರಲ್ಲಿ ನೀವು ಇವನನ್ನ ಜಪಾನಿನವನು ಮಾಡಿ."

"ಆಳು?"

"ಆಳು ನೀವೇ ಆಗಿ. ಮಂಡಿ ಊರಿ ತೋರಿಸಿ. ಗೆದ್ದಲು ಹಿಡಿಯೋದಿಲ್ಲ ನೋಡಿ, ಅದೊಂದು ಅನುಕೂಲ."

ನಡುಕೋಣೆಗೆ ಬೆಳಕು ಬರುತ್ತಿದ್ದದ್ದು ಒಂದೇ ದೊಡ್ಡ ಕಿಟಕಿಯಿಂದ. ಅದರಾಚೆ ಅಂಗಳ, ಬಾಗಿಲುಗಂಬ, ರಸ್ತೆ, ತಿರುವಿನಲ್ಲಿ ಬಸ್ಸು ನಿಲ್ಲುವ ಕಲ್ಲುಕಟ್ಟೆ. ಒಡೆಯನ ಕುರ್ಚಿ ಕಿಟಕಿಗೆ ಮುಖ ಮಾಡಿತ್ತು. ಅವನನ್ನು ಯಾರು ಮಾಡಿದರು, ಯಾವಾಗ ಮಾಡಿದರು, ಯಾರಿಗೂ ತಿಳಿಯದು. ಮುಖದಲ್ಲಿ ದರ್ಪವಿರಲಿಲ್ಲ. ಬಸ್ಸಿಗೆ ಕಾದು ಕಾದು ಮರಗಟ್ಟಿದವನ ಹಾಗೆ ಕಟ್ಟೆಯನ್ನೇ ನೋಡುತ್ತಾ ಕೂತಿದ್ದ. ಒಂದು ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ಮೊಂಡಾದಂತೆ ಕೆತ್ತಲಾಗಿತ್ತು. ಎದೆಯ ಮೇಲೊಂದು ಉದ್ದನೆಯ ಉಬ್ಬು. ಅದು ಕಠಾರಿ ಎಂದು ಸಾಹೇಬರು ಚೀಟಿ ಬರೆಸಿ ಅಂಟಿಸಿದ್ದರು. ಮೇಷ್ಟ್ರಿಗೆ ಮಾತ್ರ ಅದು ಜೇಬಿಗೆ ಸಿಕ್ಕಿಸಿದ ಪೆನ್ನಿನ ಹಾಗೆ ಕಾಣುತ್ತಿತ್ತು. ಮಧ್ಯಯುಗದ ಒಡೆಯನಿಗೆ ಜೇಬೆಲ್ಲಿ, ಪೆನ್ನೆಲ್ಲಿ ಎಂದು ತಮಗೆ ತಾವೇ ಗದರಿಕೊಳ್ಳುತ್ತಿದ್ದರು.

ಅಂಥ ಒಡೆಯನಿಗೆ ಅಲ್ಲಿ ಮರ್ಯಾದೆಯೇನೂ ಇರಲಿಲ್ಲ. ಚಾಚಿದ ಕೈಗಳು ಕಾವಲಿನಣ್ಣನ ಊಟದ ಚೀಲಕ್ಕೆ ಗೂಟ. ಮಳೆ ಬಂದ ದಿನ ಗುಡಿಸುವ ಅಕ್ಕ ಒದ್ದೆ ಬಟ್ಟೆಯನ್ನೂ ಅಲ್ಲೇ ಒಣಗಿಸುತ್ತಿದ್ದಳು. ಈಗ ಅವಳು ಆಳಿನ ಕೊನೆಯ ಪುಡಿಯನ್ನು ಮೊರಕ್ಕೆ ಎಳೆಯುತ್ತಿದ್ದಳು.

"ನಮ್ಮತ್ತೆ ಇಲ್ಲಿ ಗುಡಿಸ್ತಿದ್ದಾಗ ಇವನಿಗೆ ಮೀಸೆ ಇತ್ತಂತೆ ಕಣ್ರೀ ಮೇಷ್ಟ್ರೆ" ಎಂದಳು. "ದಪ್ಪ ಮೀಸೆ. ಮುಖಾನೂ ಇಷ್ಟು ಉದ್ದ ಇರ್ಲಿಲ್ವಂತೆ."

"ಮೀಸೆ ಗೆದ್ದಲು ತಿಂದಿರ್ಬೇಕು" ಎಂದ ಕಾವಲಿನಣ್ಣ.

"ಮುಖ ಹೆಂಗಣ್ಣ ಉದ್ದ ಆಯ್ತು?"

"ಇಲ್ಲಿ ಕೆಲಸ ಮಾಡಿದ್ರೆ ಯಾರ ಮುಖ ಉದ್ದ ಆಗಲ್ಲ ಹೇಳು."

ಮೇಷ್ಟ್ರು ವೇಷದ ಪೆಟ್ಟಿಗೆ ತೆರೆದರು. ಯಾವುದು ಯಾರಿಗೆ ಸರಿಹೊಂದುತ್ತದೆ ಎಂದು ನೋಡಲು ಯೂರೋಪಿನ ತಗಡಿನ ಟೊಪ್ಪಿಗೆಯನ್ನು ಒಡೆಯನ ತಲೆಗಿಟ್ಟರು. ಜಪಾನಿನ ಅಗಲ ತೋಳಿನ ನಿಲುವಂಗಿ ಹೊದಿಸಿದರು. ತುದಿ ಮೇಲಕ್ಕೆ ಸುರುಟಿದ ತುರ್ಕಿಯ ಮೆಟ್ಟು ತೊಡಿಸಿದರು. ಒಡೆಯ ಮೂರು ಸೀಮೆಗೂ ಒಟ್ಟಿಗೇ ಸೇರಿದವನ ಹಾಗೆ, ಯಾವ ಸೀಮೆಗೂ ಬೇಡವಾದವನ ಹಾಗೆ ಕಂಡ.

"ಏನ್ ವ್ಯತ್ಯಾಸ ಮೇಷ್ಟ್ರೆ ಈ ಮೂವರಿಗೂ?" ಎಂದ ಕಾವಲಿನಣ್ಣ, ಚೀಲ ತಗಲಿಸಲು ಜಾಗ ಹುಡುಕುತ್ತಾ.

ಕೇಳುವುದೇ ತಪ್ಪು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಣ್ಣ, ಯೂರೋಪಲ್ಲಿ ಆಳಾಗೋನು ಮಂಡಿಯೂರಿ ಕೈ ಜೋಡಿಸ್ತಾನೆ. ಒಡೆಯ ಆ ಕೈಗಳನ್ನ ತನ್ನ ಕೈಯೊಳಗೆ ಹಿಡೀತಾನೆ. ಆಣೆ ಆಯ್ತು, ಭೂಮಿ ಸಿಕ್ತು. ಬೇಡ ಅನ್ಸಿದ್ರೆ ಬಿಡೋ ದಾರೀನೂ ಇತ್ತು. ಕೆಲವು ಕಡೆ ಒಂದು ಹುಲ್ಲುಕಡ್ಡಿ ತಗೊಂಡು ಮುರಿದು ಒಡೆಯನ ಮುಂದೆ ಎಸೆದು, ನಾನು ಇನ್ನು ನಿನ್ನವನಲ್ಲ ಅಂದ್ರೆ ಮುಗೀತು. ತುರ್ಕಿಯಲ್ಲಿ ಹಾಗಲ್ಲ. ಭೂಮಿ ಎಲ್ಲಾ ಸುಲ್ತಾನನದು. ಕುದುರೆ ಸವಾರನಿಗೆ ಅದರ ಹುಟ್ಟುವಳಿ ಮಾತ್ರ. ಇವತ್ತು ಈ ಸೀಮೆ, ನಾಳೆ ಎತ್ತಿ ಇನ್ನೊಂದು ಸೀಮೆಗೆ ಹಾಕಿದ್ರೆ ಬಾಯಿ ಮುಚ್ಕೊಂಡು ಹೋಗ್ಬೇಕು."

"ನಮ್ಮ ಇಲಾಖೆ ಇದ್ದಂಗೆ."

"ಹೂಂ, ಹಂಗೇ. ಇನ್ನು ಜಪಾನು. ಅಲ್ಲಿ ಒಡೆಯ ಆಳಿನ ನಂಟು ಮೂರು ಜನ್ಮಕ್ಕೂ ಬಿಡೋದಿಲ್ಲ ಅಂತ ನಂಬಿಕೆ. ಗಂಡ ಹೆಂಡಿರದ್ದು ಎರಡೇ ಜನ್ಮ."

"ಅಬ್ಬಾ! ನಮ್ಮೆಜಮಾನ್ರಿಗೆ ಹೇಳ್ಬೇಡಿ, ಜಪಾನಿಗೆ ಹೊರಟುಬಿಡ್ತಾರೆ" ಎಂದಳು ಅಕ್ಕ.

"ಆಳು ಬಿಡಿಸಿಕೊಳ್ಳೋ ದಾರಿ ಹೇಳಿದ್ರಿ" ಎಂದ ಕಾವಲಿನಣ್ಣ. "ಒಡೆಯ ಬಿಡಿಸಿಕೊಳ್ಳೋದು ಹೆಂಗೆ?"

ಮೇಷ್ಟ್ರು ನಕ್ಕರು. "ಒಡೆಯ ಯಾಕಣ್ಣ ಬಿಡಿಸಿಕೊಳ್ತಾನೆ? ಕೂತಲ್ಲಿಗೇ ಎಲ್ಲಾ ಬರುತ್ತೆ. ಹಂಗೆ ಬೇಕಾಗಿದ್ದ ಒಡೆಯನ ಕತೆ ನಾನಂತೂ ಯಾವ ಪುಸ್ತಕದಲ್ಲೂ ಓದಿಲ್ಲ."

ಕುರ್ಚಿ ಒಮ್ಮೆ ಕಿರ್‍ ಎಂದಿತು. ಹಳೆಯ ಮರ, ಬಿಸಿಲೇರುವಾಗ ಸದ್ದು ಮಾಡುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

"ಒಂದ್ಸಲ ಮಾಡಿ ತೋರಿಸ್ತೀನಿ, ಮಧ್ಯಾಹ್ನಕ್ಕೆ ಅಭ್ಯಾಸ ಆಗುತ್ತೆ" ಎಂದು ಮೇಷ್ಟ್ರು ಶಾಲು, ಚೀಲ ಕೆಳಗಿಟ್ಟು ಒಡೆಯನ ಮುಂದೆ ಮಂಡಿಯೂರಿದರು. ಕನ್ನಡಕ ಸರಿಪಡಿಸಿಕೊಂಡರು. ಜೋಡಿಸಿದ ಕೈಗಳನ್ನು ಆ ಎರಡು ಅಂಗೈಗಳ ನಡುವೆ ಇಟ್ಟು, ಮಾಡಿದರೆ ಸರಿಯಾಗಿಯೇ ಮಾಡಬೇಕು ಎನ್ನುವವರಾದ್ದರಿಂದ, ಗಟ್ಟಿಯಾಗಿ, ರಾಗವಾಗಿ ಹೇಳಿದರು: "ಒಡೆಯಾ, ಇಂದಿನಿಂದ ನಾನು ನಿನ್ನವನು."

ಅಕ್ಕ ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಏಳಲು ಹೋದರು. ಕೈ ಬರಲಿಲ್ಲ.

ಮೊದಲು ಅಂಗಿಯ ಗುಂಡಿ ಸಿಕ್ಕಿಕೊಂಡಿದೆ ಎಂದುಕೊಂಡರು. ಆಮೇಲೆ ತಮ್ಮ ಮಂಡಿಗೇ ಏನೋ ಆಗಿದೆ ಎಂದುಕೊಂಡರು. ಆಮೇಲೆ ಕಣ್ಣು ಹತ್ತಿರ ತಂದು ನೋಡಿದರು. ಒಂದು ಗಳಿಗೆ ಹಿಂದೆ ಕೈ ಸಲೀಸಾಗಿ ನುಗ್ಗಿದ್ದ ಜಾಗದಲ್ಲಿ ಈಗ ಒಂದು ಕಾಗದ ತೂರಿಸುವಷ್ಟೂ ಎಡೆಯಿರಲಿಲ್ಲ. ಆ ಕೈಗಳಿಗೆ ಕೀಲಿಲ್ಲ, ತಿರುಪಿಲ್ಲ. ಬೆರಳಿನಿಂದ ತೋಳಿನವರೆಗೂ ಒಂದೇ ಮರ. ಅದಕ್ಕಿಂತ ಹೆಚ್ಚಾಗಿ ಅವರ ಬೆನ್ನಹುರಿಯಲ್ಲಿ ಇರುವೆ ಹರಿಸಿದ್ದು ಇನ್ನೊಂದು ಸಂಗತಿ. ಮರ ಬೆಚ್ಚಗಿತ್ತು, ಈಗಷ್ಟೇ ಚಹಾದ ಲೋಟ ಕೆಳಗಿಟ್ಟ ಕೈಯ ಹಾಗೆ.

"ಅಣ್ಣಾ" ಎಂದರು ಮೇಷ್ಟ್ರು, ಬಹಳ ಮೆಲ್ಲಗೆ. "ಇವನು ಹಿಡ್ಕೊಂಡಿದ್ದಾನೆ."

ಕಾವಲಿನಣ್ಣ ಹಿಂದಿನಿಂದ ಸೊಂಟ ಹಿಡಿದು ಜಗ್ಗಿದ. ಬಾವಿಗೆ ಬಿದ್ದ ಬಿಂದಿಗೆಯನ್ನು ಎಳೆಯುವ ಹುರುಪಿನಲ್ಲಿ ಅವನು ಜಗ್ಗಿದ್ದಕ್ಕೆ ಮೇಷ್ಟ್ರ ಅಂಗಿ ಹರಿದು ಬಂತು, ಮೇಷ್ಟ್ರು ಬರಲಿಲ್ಲ. ಅಕ್ಕ ಬಾಗಿಲ ತಿರುಗಣಿಗೆ ಹಾಕುವ ಎಣ್ಣೆ ತಂದು ಸುರಿದಳು. ಎಣ್ಣೆ ಮೊಣಕೈಯಿಂದ ತೊಟ್ಟಿಕ್ಕಿತು. ಆಮೇಲೆ ಸೋಪು ಬಂತು. ಎಣ್ಣೆಯೂ ಸೋಪೂ ಸೇರಿ ಮೇಷ್ಟ್ರ ಮುಂಗೈ ಮೇಲೆ ನೊರೆಯೆದ್ದಿತೇ ಹೊರತು ಬೇರೇನೂ ಆಗಲಿಲ್ಲ. ಗದ್ದಲ ಕೇಳಿ ಬಂದ ಸಾಹೇಬರು ಹೊಸ್ತಿಲಲ್ಲೇ ನಿಂತರು.

"ಇದೇನ್ರಿ ಇದು? ಒಡೆಯನಿಗೆ ಸ್ನಾನ ಮಾಡಿಸ್ತಾ ಇದ್ದೀರಾ?"

"ಸರ್, ಕೈ ಬಿಡ್ತಾ ಇಲ್ಲ."

"ಬಿಡಬೇಡಿ ಅಂತ ಯಾರು ಹೇಳಿದ್ರು? ಬಿಡಿ."

"ನಾನಲ್ಲ ಸರ್, ಅವನು."

ಕಾವಲಿನಣ್ಣ ಆಗಲೇ ಹಿತ್ತಲಿನ ಕೊಟ್ಟಿಗೆಯಿಂದ ಗರಗಸ ತಂದಿದ್ದ. ಸಾಹೇಬರು ಎರಡೂ ತೋಳು ಚಾಚಿ ಒಡೆಯನಿಗೆ ಅಡ್ಡ ನಿಂತರು. "ಗರಗಸ ಕೆಳಗಿಡಪ್ಪಾ! ಇದು ಪ್ರಾಚೀನ ವಸ್ತು. ಇದರ ಕೈ ಕೊಯ್ಯೋಕೆ ಮೇಲಿನಿಂದ ಅಪ್ಪಣೆ ಬೇಕು."

"ನನ್ನ ಕೈ ಸರ್?" ಎಂದರು ಮೇಷ್ಟ್ರು.

ಸಾಹೇಬರು ಯೋಚಿಸಿದರು. "ಅದಕ್ಕೆ ಬೇಕಾಗಲಾರದು" ಎಂದರು.

ಕಿಟಕಿಯ ಬಿಸಿಲು ನೆಲದ ಮೇಲೆ ಜರುಗುತ್ತಾ ಬಂತು. ಮಂಡಿ ನೋಯುತ್ತಿತ್ತು. ಎದುರಿಗೆ, ತಗಡಿನ ಟೊಪ್ಪಿಗೆಯ ಕೆಳಗೆ, ಆ ಉದ್ದ ಮುಖ ಅವರ ತಲೆಯಾಚೆಗೆ ಬಸ್ ಕಟ್ಟೆಯನ್ನೇ ನೋಡುತ್ತಿತ್ತು. ಅಷ್ಟು ಹತ್ತಿರದಿಂದ ಅವರು ಅದನ್ನು ಎಂದೂ ನೋಡಿರಲಿಲ್ಲ. ಕಣ್ಣಿನ ಕೆಳಗೆ, ನಿದ್ದೆಗೆಟ್ಟವರಿಗೆ ಬರುವಂಥ ಸಣ್ಣ ಚೀಲಗಳನ್ನೂ ಕೆತ್ತಿದ್ದರು. ಯಾವ ಬಡಗಿಗೆ ಅಷ್ಟು ಪುರುಸೊತ್ತು?

ಆಗ ಮೇಷ್ಟ್ರ ತಲೆಯಲ್ಲಿ ಕಲಿತ ವಿದ್ಯೆ ಎದ್ದು ಕೂತಿತು. "ನಾನು ಆಣೆ ಮಾಡಿದ್ದೀನಿ" ಎಂದರು. "ಆಣೆ ಬಿಡಿಸಿಕೊಂಡ್ರೆ ಕೈ ಬಿಡ್ತಾನೆ. ಆದ್ರೆ ಯಾವ ಸೀಮೆ ಪದ್ಧತಿ ಪ್ರಕಾರ ಬಿಡಿಸಿಕೊಳ್ಳಬೇಕು? ನಾನು ಆಣೆ ಮಾಡಿದಾಗ ಇವನು ಮೂರು ಸೀಮೆ ವೇಷದಲ್ಲಿದ್ನಲ್ಲ!"

ಅಲ್ಲಿಂದ ಶುರುವಾಯಿತು ಪಂಚಾಯಿತಿ.

"ತಲೆ ಯಾವುದೋ ಅದೇ ಲೆಕ್ಕ" ಎಂದ ಕಾವಲಿನಣ್ಣ. "ತಲೆ ಯೂರೋಪಿನದು."

"ತಲೆ ತಗೊಂಡು ಏನ್ ಮಾಡ್ತೀಯಣ್ಣ? ಆಳಿಗೆ ಅನ್ನ ಹಾಕೋದು ಹೊಟ್ಟೆ ನೋಡಿ" ಎಂದಳು ಅಕ್ಕ. "ಹೊಟ್ಟೆ ಮೇಲಿರೋದು ಜಪಾನು."

"ಜಪಾನು ಅನ್ಬೇಡಮ್ಮಾ" ಎಂದು ಮೇಷ್ಟ್ರು ನರಳಿದರು. "ಮೂರು ಜನ್ಮ!"

"ಇದು ನಿಮಗೆ ಎಷ್ಟನೇದು?" ಎಂದು ಕಾವಲಿನಣ್ಣ ಕಾಳಜಿಯಿಂದ ಕೇಳಿದ. "ಮೂರನೇದೇ ಆಗಿದ್ರೆ ಅಷ್ಟೇನೂ ಬಾಕಿ ಉಳಿದಿಲ್ಲ."

"ಎಲ್ಲಾ ತಪ್ಪು" ಎಂದರು ಸಾಹೇಬರು. "ಯಾರೇ ಆಗ್ಲಿ ನಿಲ್ಲೋದು ಕಾಲ ಮೇಲೆ. ಮೆಟ್ಟು ತುರ್ಕಿಯದು. ತುರ್ಕಿಯಲ್ಲಿ ಸುಲ್ತಾನನ ಅಪ್ಪಣೆ ಆದ್ರೆ ಆಯ್ತು. ಇಲ್ಲಿ ಸುಲ್ತಾನ ಅಂದ್ರೆ ನಾನು. ಇವರನ್ನ ಬಿಟ್ಟಿದ್ದೀನಿ, ಬಿಡಪ್ಪಾ!"

ಒಡೆಯ ಕದಲಲಿಲ್ಲ.

"ನೀವಿನ್ನೂ ಸಹಿ ಹಾಕಿಲ್ವಲ್ಲ ಸರ್" ಎಂದರು ಮೇಷ್ಟ್ರು ನೊಂದ ದನಿಯಲ್ಲಿ. "ಅವನಿಗೂ ಗೊತ್ತಾಗುತ್ತೆ."

"ಮೇಡಂ ಹೋದ ಮೇಲೆ ಅಂದೆನಲ್ಲಾ!"

ಆ ಮಾತು ಅವರ ಬಾಯಿಂದ ಬೀಳುವುದಕ್ಕೂ ಹೊರಗೆ ಕಾರಿನ ಬಾಗಿಲು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಸಾಹೇಬರು ಕೂದಲು ನೇವರಿಸಿಕೊಂಡು ಓಡಿದರು. ಕಾವಲಿನಣ್ಣ ಗರಗಸವನ್ನು ಪರದೆಯ ಹಿಂದೆ ಹಾಕಿ ಬಾಗಿಲುಗಂಬಕ್ಕೆ ಓಡಿದ. ಹೊರಡುತ್ತಿದ್ದ ಅಕ್ಕನನ್ನು ಮೇಷ್ಟ್ರು ತಡೆದರು. "ಅಕ್ಕಾ, ಒಂದು ಪೊರಕೆಕಡ್ಡಿ ಕಿತ್ತು ನನ್ನ ಬಾಯಿಗೆ ಕೊಡು. ಯೂರೋಪನ್ನ ಪ್ರಯತ್ನ ಮಾಡೋಣ."

"ಕೈಯಲ್ಲಿ ಮುರೀಬೇಕಲ್ವಾ?"

"ಕೈ ಇದ್ದಿದ್ರೆ ಕಡ್ಡಿ ಯಾಕಮ್ಮಾ?"

ಅವಳು ಕಡ್ಡಿಯನ್ನು ಅವರ ಹಲ್ಲಿನ ನಡುವೆ ಇಡುವುದಕ್ಕೂ ಕಾರ್ಯದರ್ಶಿ ಮೇಡಂ ಒಳಗೆ ಕಾಲಿಡುವುದಕ್ಕೂ ಸರಿಯಾಯಿತು. ಮೇಡಂ ಚುರುಕಿನ ಹೆಂಗಸು. ಎಲ್ಲವನ್ನೂ ನೋಡಿದ ಕೂಡಲೇ ಮೆಚ್ಚಿ ಮುಂದೆ ಹೋಗುವ ಅಭ್ಯಾಸದವರು. ಇಲ್ಲಿ ಮಾತ್ರ ಹುಬ್ಬೇರಿಸಿ ನಿಂತರು.

"ಓಹೋ! ಜೀವಂತ ಪ್ರದರ್ಶನ! ಬಾಯಲ್ಲೇನದು?"

ಸಾಹೇಬರು ಬೆವರೊರೆಸಿಕೊಂಡರು. "ಮೂಲ ಪದ್ಧತಿಯ ಪ್ರಕಾರ ಮೇಡಂ" ಎಂದರು. ಏನು ಪದ್ಧತಿ ಎಂದು ಅವರಿಗೇ ತಿಳಿದಿರಲಿಲ್ಲ.

ಬೇರೆ ದಾರಿಯಿಲ್ಲದೆ ಮೇಷ್ಟ್ರು ಮಂಡಿಯೂರಿಕೊಂಡೇ, ಕಡ್ಡಿ ಕಚ್ಚಿಕೊಂಡೇ ಶುರುಮಾಡಿದರು. ಕೈಯಿಟ್ಟು ಆಣೆ ಮಾಡುವಾಗ ಆಡುವ ಮಾತನ್ನೂ ಹೇಳಿ ತೋರಿಸಿದರು. ಮನುಷ್ಯನಿಗೆ ನಿಜವಾಗಿ ಸಿಕ್ಕಿಬಿದ್ದಾಗ ಬರುವಂಥ ಮಾತು ಬಂತು. ಯೂರೋಪಿನ ಆಳಿಗೆ ಕಡ್ಡಿಯಷ್ಟಾದರೂ ಬಾಗಿಲಿತ್ತು, ತುರ್ಕಿಯವನಿಗೆ ಬಾಗಿಲಿತ್ತು ಆದರೆ ಬೀಗದಕೈ ಸುಲ್ತಾನನ ಸೊಂಟದಲ್ಲಿತ್ತು, ಜಪಾನಿನವನಿಗೆ ಗೋಡೆಯೇ ಬಾಗಿಲು ಎಂದರು. ಮಗಳ ಮುಖ ನೋಡದೆ ದೂರದ ಕೋಟೆಯಲ್ಲಿ ಕೂದಲು ನರೆಸಿಕೊಂಡ ಸವಾರನ ಬಗ್ಗೆ ಹೇಳುವಾಗ ಮೇಡಂ ಕಣ್ಣೊರೆಸಿಕೊಂಡರು. ಕಿಟಕಿಯಾಚೆ ಬಿಸಿಲು ಹಳದಿಗೆ ತಿರುಗಿತ್ತು. ಬಸ್ಸಿನ ಹೊತ್ತು ಹತ್ತಿರ ಬಂದಿತ್ತು.

ಈಗಲೋ ಇನ್ನಿಲ್ಲವೋ ಎಂದು ಮೇಷ್ಟ್ರು ಕಡ್ಡಿಯನ್ನು ಹಲ್ಲಿನಲ್ಲಿ ಕಟಕ್ಕನೆ ಕಡಿದು ಒಡೆಯನ ಮಡಿಲಿಗೆ ಉಗುಳಿದರು. "ನಾನು ಇನ್ನು ನಿನ್ನವನಲ್ಲ!" ಎಂದು ಕೂಗಿದರು. ಪದ್ಧತಿ ಅಷ್ಟೇ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೇಷ್ಟ್ರು ಹೇಳಿ ಹೇಳಿ ಅಭ್ಯಾಸವಾದವರು, ಮಾತಿಗೆ ಬಾಲ ಕಟ್ಟದೆ ಬಿಟ್ಟವರೇ ಅಲ್ಲ. "ನೀನು ಇನ್ನು ನನ್ನವನಲ್ಲ! ನನಗೆ ನೀನು ಒಡೆಯನೂ ಅಲ್ಲ, ಏನೂ ಅಲ್ಲ! ಹೋಗು!" ಎಂದು ಸೇರಿಸಿಬಿಟ್ಟರು.

ಕೋಣೆಯಲ್ಲಿ ಯಾರೋ ಉಸಿರು ಬಿಟ್ಟ ಹಾಗಾಯಿತು, ಬಹಳ ಕಾಲದಿಂದ ಹಿಡಿದುಕೊಂಡಿದ್ದ ಉಸಿರು. ಮೇಷ್ಟ್ರ ಕೈ ಹೊರಗೆ ಬಂತು. ಅವರು ಹಿಂದಕ್ಕೆ ಉರುಳಿಬಿದ್ದರು. ಮೇಡಂ ಚಪ್ಪಾಳೆ ತಟ್ಟಿದರು, ಸಾಹೇಬರು ತಟ್ಟಿದರು, ಮೊರದ ಹಿಂದಿನಿಂದ ಅಕ್ಕನೂ ತಟ್ಟಿದಳು.

"ಅದ್ಭುತ! ಒಂದು ಲೋಟ ಚಹಾ ಕುಡಿದು ಬರ್ತೀನಿ, ಆಮೇಲೆ ಈ ಒಡೆಯನ ಜೊತೆ ನನಗೊಂದು ಫೋಟೋ ಬೇಕು" ಎನ್ನುತ್ತಾ ಮೇಡಂ ಹಿಂದಿನ ಪಡಸಾಲೆಗೆ ನಡೆದರು. ಸಾಹೇಬರು, ಅಕ್ಕ ಹಿಂದೆ ಹೋದರು. ಮೇಷ್ಟ್ರು ಕುಂಟುತ್ತಾ ಬಚ್ಚಲಿಗೆ ಹೋಗಿ ಕೈಯ ಎಣ್ಣೆ, ಸೋಪು ತೊಳೆದರು. ನೀರು ತಣ್ಣಗಿತ್ತು, ಬೆರಳುಗಳು ತಮ್ಮವೇ ಆಗಿದ್ದವು. ಎಷ್ಟೋ ದಿನದ ಮೇಲೆ ಅವರು ಸಿಳ್ಳೆ ಹಾಕಿದರು.

ಮರಳಿ ಬಂದು ನೋಡುತ್ತಾರೆ, ಕುರ್ಚಿ ಖಾಲಿ.

ಟೊಪ್ಪಿಗೆ, ನಿಲುವಂಗಿ, ಮೆಟ್ಟು, ಎಲ್ಲವೂ ಹಾವು ಕಳಚಿದ ಪೊರೆಯ ಹಾಗೆ ಕುರ್ಚಿಯ ಸುತ್ತ ಬಿದ್ದಿದ್ದವು. ನೆಲದ ಮೇಲಿಟ್ಟಿದ್ದ ಶಾಲು ಇರಲಿಲ್ಲ. ಚೀಲವೂ ಇರಲಿಲ್ಲ.

ಹಿಂದೆಯೇ ಬಂದ ಸಾಹೇಬರು ಬಾಯಿ ತೆರೆದವರು ಮುಚ್ಚಲು ಮರೆತರು. "ಎಲ್ರೀ ಒಡೆಯ?"

"ನನಗೇನು ಗೊತ್ತು ಸರ್!"

"ಕೊನೇಲಿ ಕೈ ಹಿಡ್ಕೊಂಡಿದ್ದೋರು ನೀವು. ಹೋಗು ಅಂದೋರೂ ನೀವೇ. ಅವನು ಸಿಗೋವರೆಗೂ ಬಿಡುಗಡೆ ಪತ್ರದ ಮಾತೆತ್ತಬೇಡಿ!"

"ಸರ್, ಬಸ್ಸು..."

"ಮೊದಲು ಮೇಡಂ ಫೋಟೋ! ಮಾನ ಹೋಗುತ್ತೆ ಕಣ್ರೀ. ನೀವೇ ಒಂದು ಕ್ಷಣ ಕೂತ್ಕೊಳಿ. ಅವರು ಕಾರು ಹತ್ತಿದ ಮೇಲೆ ಹುಡುಕೋಣ. ನಿಮ್ಮಪ್ಪನಾಣೆ ಸಹಿ ಹಾಕ್ತೀನಿ."

ಮೇಷ್ಟ್ರ ಪ್ರತಿಭಟನೆ ನಿಲುವಂಗಿಯೊಳಗೇ ಮುಳುಗಿತು. ಸಾಹೇಬರು ತಗಡಿನ ಟೊಪ್ಪಿಗೆಯನ್ನು ಕನ್ನಡಕದವರೆಗೂ ಇಳಿಸಿದರು, ಅಂಗೈಗಳನ್ನು ಹಿಡಿದು ಮುಂದೆ ಚಾಚಿಸಿದರು. "ಅಲ್ಲಾಡಬೇಡಿ" ಎಂದು ಮೇಡಂ ಅವರನ್ನು ಕರೆತರಲು ಓಡಿದರು.

ಕುರ್ಚಿಯಲ್ಲಿ ಕೂತರೆ ಕಿಟಕಿ ನೇರ ಎದುರಿಗೆ. ರಸ್ತೆಯ ತಿರುವಿನಲ್ಲಿ ಧೂಳೆದ್ದಿತು, ಬಸ್ಸು. ಕಲ್ಲುಕಟ್ಟೆಯಿಂದ ಒಬ್ಬ ಮನುಷ್ಯ ಎದ್ದ. ತಲೆಯ ಮೇಲಿಂದ ಶಾಲು ಹೊದ್ದಿದ್ದ, ಹೆಗಲಿಗೆ ಚೀಲವಿತ್ತು. ಮಂಡಿ ಮಡಿಸಲು ಮರೆತುಹೋದವನ ಹಾಗೆ ಮೆಟ್ಟಿಲು ಹತ್ತಿದ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಈ ಮನೆಯ ಕಡೆಗೊಮ್ಮೆ ತಿರುಗಿದ. ಉದ್ದ ಮುಖ. ಹೆಬ್ಬೆರಳಿನ ಉಗುರು ಕಚ್ಚುತ್ತಿದ್ದ.

ಮೇಷ್ಟ್ರು ಎದ್ದೇಬಿಡುತ್ತಿದ್ದರು. ಆದರೆ ಅಷ್ಟರಲ್ಲಿ ಮೇಡಂ ಅವರೆದುರು ಮಂಡಿಯೂರಿಯಾಗಿತ್ತು.

"ಏನೋ ಹೇಳಬೇಕಲ್ವಾ? ಹಾಂ, ನೆನಪಾಯ್ತು" ಎಂದು ನಗುತ್ತಾ, ಜೋಡಿಸಿದ ಕೈಗಳನ್ನು ಅವರ ಅಂಗೈಗಳ ನಡುವೆ ಇಟ್ಟು, ಸಾಹೇಬರ ಕೈಯಲ್ಲಿದ್ದ ಕ್ಯಾಮೆರಾದತ್ತ ಮುಖ ತಿರುಗಿಸಿದರು. "ಒಡೆಯಾ, ಇಂದಿನಿಂದ ನಾನು ನಿನ್ನವಳು."

ಫಳ್ ಎಂದು ಬೆಳಕು ಮಿಂಚಿತು.

ಮೊದಲು ಬೆರಳ ತುದಿಗಳು ಮರೆತುಹೋದವು. ಆಮೇಲೆ ಮುಂಗೈ, ಮೊಣಕೈ, ಹೆಗಲು. ನೋವೇನಿರಲಿಲ್ಲ, ಜೋಮು ಹಿಡಿದ ಕಾಲಿನಂತೆ ಮೈ ಮೆಲ್ಲಗೆ ದೂರ ಸರಿಯಿತು, ಅಷ್ಟೇ. 'ಮೇಡಂ, ಕಡ್ಡಿ ಎಸೀರಿ' ಎನ್ನಬೇಕೆಂದುಕೊಂಡರು. ಜೀವಮಾನದಲ್ಲಿ ಮೊದಲ ಸಲ ಮೇಷ್ಟ್ರಿಗೆ ಬಾಯಿ ಬರಲಿಲ್ಲ.

ಮೇಡಂ ಸಲೀಸಾಗಿ ಕೈ ಎಳೆದುಕೊಂಡು ಎದ್ದರು. "ಎಂಥ ಕೆಲಸಗಾರಿಕೆ! ಮರ ಬೆಚ್ಚಗಿದೆ ಕಣ್ರೀ" ಎನ್ನುತ್ತಾ ಕಾರಿನ ಕಡೆ ನಡೆದರು.

ಸಾಹೇಬರು ಅವರನ್ನು ಬೀಳ್ಕೊಟ್ಟು ಬಾಗಿಲುಗಂಬದ ಬಳಿ ಹಣೆ ಒರೆಸಿಕೊಳ್ಳುತ್ತಿದ್ದಾಗ ಕಾವಲಿನಣ್ಣ ಹೇಳಿದ: "ಮೇಷ್ಟ್ರಿಗೆ ಎಷ್ಟು ಕೊಬ್ಬು ನೋಡಿ ಸಾರ್! ಶಾಲು ಹೊದ್ಕೊಂಡು ನನ್ನ ಮುಂದೇನೇ ಹೋದ್ರು, ಕರೆದ್ರೂ ತಿರುಗಿ ನೋಡಲಿಲ್ಲ. ಕಾಲು ಸೆಟೆದುಹೋಗಿತ್ತು ಪಾಪ, ಬೆಳಿಗ್ಗೆಯಿಂದ ಮಂಡಿ ಊರಿದ್ರಲ್ಲ. ಬಸ್ಸು ಹತ್ತಿದ್ದನ್ನ ಕಣ್ಣಾರೆ ನೋಡಿದೆ."

"ಹೋದ್ರಾ? ಹಾಗಾದ್ರೆ ಕುರ್ಚೀಲಿರೋದು?"

ಇಬ್ಬರ ಜೊತೆ ಅಕ್ಕನೂ ಬಂದು ನೋಡಿದಳು. ಸಾಹೇಬರು ಒಡೆಯನ ಹಣೆಗೆ ಬೆರಳಿನಿಂದ ತಟ್ಟಿದರು. ಟಕ್ ಟಕ್. ಮರ. ಅವರ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ನೋಡಿದ್ರಾ! ಎಲ್ಲೋ ಬಚ್ಚಿಟ್ಟಿದ್ದವರು ಕೊನೆಗೆ ತಂದು ಕೂರಿಸಿಯೇ ಹೋಗಿದ್ದಾರೆ. ಎಷ್ಟಾದ್ರೂ ಒಳ್ಳೆ ಮನುಷ್ಯ."

"ಸಾರ್, ಇವನಿಗೆ ಕನ್ನಡಕ ಬಂದಿದೆ" ಎಂದಳು ಅಕ್ಕ, ಟೊಪ್ಪಿಗೆ ತೆಗೆದು ಮುಖದ ಧೂಳು ಒರೆಸುತ್ತಾ.

"ಕನ್ನಡಕ ಅಲ್ಲಮ್ಮಾ ಅದು, ಯುದ್ಧದಲ್ಲಿ ಕಣ್ಣಿಗೆ ಕಟ್ಟೋ ಪಟ್ಟಿ. ಮೊದಲಿಂದಲೂ ಇತ್ತು. ನಾಳೆ ಒಂದು ಚೀಟಿ ಬರೆಸಿ ಅಂಟಿಸ್ತೀನಿ."

ಟಿಕೆಟ್ ಮೇಜಿನ ಮೇಲೆ ಮೇಷ್ಟ್ರ ಫೋನು ಬಡಿದುಕೊಳ್ಳತೊಡಗಿತು. ಕಾವಲಿನಣ್ಣ ಹೋಗಿ ಎತ್ತಿಕೊಂಡ. "ಹತ್ತಿದ್ರು ಕಣಮ್ಮಾ" ಎಂದು ಅವನು ಹೇಳುವುದು ನಡುಕೋಣೆಗೆ ಸ್ಪಷ್ಟವಾಗಿ ಕೇಳಿಸಿತು. "ಫೋನ್ ಮರೆತು ಹೋಗಿದ್ದಾರೆ ಅಷ್ಟೇ. ಕಿಟಕಿ ಪಕ್ಕಾನೇ ಕೂತಿದ್ರು. ಯೋಚನೆ ಮಾಡ್ಬೇಡಿ, ಬಂದೇ ಬರ್ತಾರೆ. ಹೂಂ, ಮಗೂಗೂ ಹೇಳಿ."

ಸಾಹೇಬರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಜೇಬಿನಿಂದ ಬಿಡುಗಡೆ ಪತ್ರ ತೆಗೆದು, ಕುರ್ಚಿಯ ತೋಳಿನ ಮೇಲೆ ಒತ್ತಿ ಹಿಡಿದು, ದೊಡ್ಡದಾಗಿ ಸಹಿ ಹಾಕಿದರು. "ನಾಳೆ ಅಂಚೆಗೆ ಹಾಕಿದ್ರಾಯ್ತು" ಎಂದರು. ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಪತ್ರ ಹಾರಿಹೋಗದಿರಲಿ ಎಂದು ಅದನ್ನು ಮಡಿಸಿ ಒಡೆಯನ ಎರಡು ಅಂಗೈಗಳ ನಡುವೆ ಸಿಕ್ಕಿಸಿದರು. ಆಮೇಲೆ ಕಾವಲಿನಣ್ಣ ಬಂದು, ದಿನವೂ ಮಾಡುವ ಹಾಗೆ, ಖಾಲಿ ಊಟದ ಚೀಲವನ್ನು ಆ ಕೈಗೇ ತಗಲಿಸಿ ಕಿಟಕಿ ಬಾಗಿಲು ಎಳೆದುಕೊಂಡ.